ಅಪ್ಪನ ಪ್ರೆಸ್ಸು, ನಮ್ಮ ಮೂವರ ಲೆಕ್ಕ

ಅಪ್ಪನ ಪ್ರೆಸ್ಸಿಗೆ ಕೆಲಸದ ಕೊರತೆ ಇರಲಿಲ್ಲ. ಆಫ್‌ಸೆಟ್ ಯಂತ್ರ ದಿನವಿಡೀ ಓಡುತ್ತಿತ್ತು. ಕಟಿಂಗ್ ಮೇಜಿನ ಸುತ್ತ ಕಾಗದದ ಅಟ್ಟಿ, ಬೈಂಡಿಂಗ್ ಕೋಣೆಯಲ್ಲಿ ಹೊಲಿಗೆಗೆ ಕಾದು ಕೂತ ಫಾರಂಗಳು, ಅಂದರೆ ಪುಸ್ತಕದ ಅಚ್ಚಾದ ಹಾಳೆಗಳ ಕಟ್ಟುಗಳು. ಬಂದವರೆಲ್ಲ ‘ವ್ಯಾಪಾರ ಜೋರಾಗಿದೆಯಲ್ಲ’ ಎನ್ನುವಂತಿತ್ತು. ಆದರೆ ತಿಂಗಳ ಕೊನೆಗೆ ಸಂಬಳ ಕೊಡಲು ಅಪ್ಪ ಕೈಸಾಲ ಮಾಡುತ್ತಿದ್ದರು. ಹಳೇ ಬಾಕಿ ತೀರದೆ ಹೊಸ ರೀಮು ಇಳಿಸುವುದಿಲ್ಲ ಎಂದು ಕಾಗದದ ವ್ಯಾಪಾರಿ ಹೇಳಿಯಾಗಿತ್ತು. ಬ್ಯಾಂಕಿನ ಓವರ್‌ಡ್ರಾಫ್ಟ್ (ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ತೆಗೆಯಲು ಬಿಡುವ ಸಾಲ) ಮಿತಿ ಮುಟ್ಟಿ ಅಲ್ಲೇ ನಿಂತಿತ್ತು. ಇಷ್ಟು ಕೆಲಸವಿದ್ದೂ ದುಡ್ಡು ಎಲ್ಲಿಗೆ ಹೋಗುತ್ತಿದೆ? ಈ ಒಂದು ಪ್ರಶ್ನೆ ಹಿಡಿದು ನಾವು ಮೂವರು ಅಕ್ಕತಂಗಿಯರು ಕೂತೆವು. ಇಂಥ ಸ್ಥಿತಿಯಲ್ಲಿರುವ ಮನೆಗಳು ಬಹಳ ಇರುತ್ತವೆ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಅಕ್ಕ ಓದು ಮುಗಿಸಿದಾಗಿನಿಂದ ಪ್ರೆಸ್ಸಿನಲ್ಲೇ ಇದ್ದವಳು. ಯಂತ್ರದ ಸದ್ದು ಕೊಂಚ ಬದಲಾದರೂ ಎದ್ದುಹೋಗಿ ನೋಡುತ್ತಾಳೆ. ಗಿರಾಕಿಗಳ ಮನೆಮಂದಿಯೆಲ್ಲ ಅವಳಿಗೆ ಪರಿಚಯ. ನಾನು ಬೇರೊಂದು ಕಂಪನಿಯ ಲೆಕ್ಕ ವಿಭಾಗದಲ್ಲಿದ್ದೆ. ತಂಗಿ ಪುಸ್ತಕಗಳ ಪುಟವಿನ್ಯಾಸ ಮಾಡಿಕೊಂಡಿದ್ದಳು. ಅಪ್ಪನಿಗೆ ವಯಸ್ಸಾಗಿತ್ತು, ಆದರೆ ಬೆಳಗ್ಗೆ ಬೀಗ ತೆಗೆಯುವುದು ಅವರೇ. ಹಾಗಾಗಿ ನಾವು ಮೊದಲು ಮಾತಾಡಬೇಕಾದದ್ದು ಅವರ ಜೊತೆ.

ಸಾಲದ ವಿಷಯ ಕೇಳಿದಾಗ ಅವರು ಸುಮಾರು ಹೊತ್ತು ಸುಮ್ಮನಿದ್ದರು. “ಮುಚ್ಚಿಡಬೇಕು ಅಂತಲ್ಲಮ್ಮ. ನಿಮಗ್ಯಾಕೆ ಈ ಚಿಂತೆ ಅಂತ” ಎಂದರು. ಎಲ್ಲವೂ ಬರೆದಿತ್ತು. ಕಾಗದಕ್ಕೊಂದು ಪುಸ್ತಕ, ಶಾಯಿಗೊಂದು, ಕೈಸಾಲಕ್ಕೊಂದು. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದ ಹಾಳೆ ಮಾತ್ರ ಎಲ್ಲೂ ಇರಲಿಲ್ಲ. ಆ ಹಾಳೆಯನ್ನು ಅಪ್ಪನ ಎದುರೇ, ಅವರ ಬಾಯಿಂದಲೇ ಕೇಳಿಕೊಂಡು ಬರೆದೆವು. ಅವರನ್ನು ಬಿಟ್ಟು ಹಿಂದಿನಿಂದ ಲೆಕ್ಕ ತೆಗೆದಿದ್ದರೆ ಮುಂದಿನ ಯಾವ ಹೆಜ್ಜೆಗೂ ಅವರ ಒಪ್ಪಿಗೆ ಸಿಗುತ್ತಿರಲಿಲ್ಲ ಎಂಬುದು ನನ್ನ ನಂಬಿಕೆ. ಕೈಸಾಲದ ಸಾಲುಗಳು ಬಂದಾಗ ಅಕ್ಕ ಪೆನ್ನು ನನ್ನ ಕೈಗೆ ಕೊಟ್ಟಳು. ಬಂಧುಗಳ ಹೆಸರುಗಳನ್ನು ತನ್ನ ಕೈಯಲ್ಲಿ ಬರೆಯಲು ಅವಳಿಗೆ ಆಗಲಿಲ್ಲ.

ಬಾಕಿಯ ಪಟ್ಟಿ ಕಂಡ ಮೇಲೆ ಯಾರಿಗೆ ಮೊದಲು ಎಂಬ ಕ್ರಮ ಬೇಕಿತ್ತು. ಜೋರಾಗಿ ಕೇಳಿದವರಿಗೆ ಮೊದಲು ಕೊಡುವುದು ಅಲ್ಲಿಯವರೆಗಿನ ಪದ್ಧತಿಯಾಗಿತ್ತು. ನಾವು ಕೆಲಸಗಾರರ ಸಂಬಳವನ್ನು ಎಲ್ಲಕ್ಕಿಂತ ಮೇಲಿಟ್ಟೆವು. ನಂತರ ತೆರಿಗೆ, ಬ್ಯಾಂಕಿನ ಕಂತು, ಕಾಗದ. ಕೈಸಾಲ ಕೊಟ್ಟವರ ಮನೆಗಳಿಗೆ ಅಕ್ಕ ಮತ್ತು ನಾನು ಒಟ್ಟಿಗೇ ಹೋಗಿ, ಯಾವ ತಿಂಗಳಿಂದ ಎಷ್ಟು ಎಂದು ಬರೆದುಕೊಟ್ಟು ಬಂದೆವು. ಹೆಚ್ಚಿನವರು ಒಪ್ಪಿದರು. ಒಬ್ಬರು ಮಾತ್ರ ಇಂದಿಗೂ ನಮ್ಮ ಜೊತೆ ಸರಿಯಾಗಿ ಮಾತಾಡುವುದಿಲ್ಲ.

ಇನ್ನು ನಗದಿನ ಮಾತು. ಲಾಭ ಮತ್ತು ನಗದು ಬೇರೆ ಬೇರೆ ಎಂದು ಪುಸ್ತಕದಲ್ಲಿ ಓದಿದ್ದೆ. ಮನೆಯ ವ್ಯಾಪಾರದಲ್ಲಿ ನೋಡಿದಾಗ ಅದು ನಿಜವಾಗಿ ಅರ್ಥವಾಯಿತು. ಕಾಗದಕ್ಕೆ ಇಂದು ದುಡ್ಡು ಹೋಗುತ್ತದೆ. ಕಾಗದ ಕೆಲವು ವಾರ ಗೋದಾಮಿನಲ್ಲಿರುತ್ತದೆ, ಆಮೇಲೆ ಅಚ್ಚಾಗುತ್ತದೆ, ಆಮೇಲೆ ಬೈಂಡಿಂಗ್. ಬಿಲ್ ಕೊಟ್ಟ ಮೇಲೂ ಗಿರಾಕಿಯ ದುಡ್ಡು ಬರುವುದಕ್ಕೆ ಎರಡು ಮೂರು ತಿಂಗಳು. ದುಡ್ಡು ಹೋದ ದಿನಕ್ಕೂ ಬಂದ ದಿನಕ್ಕೂ ನಡುವಿನ ಈ ಕಾಲವನ್ನು ನಾವು ಸಾಲದಿಂದ ತುಂಬಿಸುತ್ತಿದ್ದೆವು. ಆದ್ದರಿಂದ ವ್ಯಾಪಾರ ಹೆಚ್ಚಿದಷ್ಟೂ ಸಾಲವೂ ಹೆಚ್ಚುತ್ತಿತ್ತು. ಅಪ್ಪನಿಗೆ ವರ್ಷಗಳಿಂದ ಒಗಟಾಗಿದ್ದದ್ದು ಇದೇ.

ಕಷ್ಟದಲ್ಲಿರುವ ವ್ಯಾಪಾರಗಳಲ್ಲಿ 13 ವಾರಗಳ ನಗದು ಪಟ್ಟಿ ಇಡುವ ರೂಢಿ ಇದೆ. 13 ವಾರ ಅಂದರೆ ಕಾಲು ವರ್ಷ. ಬ್ಯಾಂಕಿನವರಿಗೂ ಪರಿಚಯವಿರುವ ಲೆಕ್ಕ ಅದು. ಪ್ರತಿ ವಾರಕ್ಕೊಂದು ಕಂಬಸಾಲು: ವಾರದ ಆರಂಭದಲ್ಲಿ ಕೈಯಲ್ಲಿರುವುದು, ಬರುವುದು, ಹೋಗುವುದು, ಕೊನೆಗೆ ಉಳಿಯುವುದು. ಗಿರಾಕಿ ದಿನಾಂಕ ಹೇಳಿ ಒಪ್ಪಿದ ದುಡ್ಡನ್ನು ಮಾತ್ರ ‘ಬರುವುದು’ ಸಾಲಿನಲ್ಲಿ ಬರೆಯಬೇಕೆಂದು ತಂಗಿ ಹಟ ಹಿಡಿದಳು. ಅಪ್ಪನ ಅಂದಾಜಿನಲ್ಲಿ ಎಲ್ಲರೂ ಮುಂದಿನ ವಾರವೇ ಕೊಡುವವರು. ಅವಳು ಹೇಳಿದಂತೆ ಬರೆದಾಗ, ಪಟ್ಟಿಯ ನಡುವಿನ ವಾರಗಳಲ್ಲಿ ಉಳಿಕೆ ಸೊನ್ನೆಗಿಂತ ಕೆಳಗಿಳಿಯಿತು. ಹೊಟ್ಟೆ ಕಿವುಚಿದಂತಾದರೂ ವಾರಗಳ ಮುಂಚೆಯೇ ಅದು ಕಣ್ಣಿಗೆ ಬಿತ್ತಲ್ಲ, ಅದೇ ಲಾಭ.

ಹಾಗೆ ಕಂಡದ್ದರಿಂದಲೇ ಕಂತು ತಪ್ಪುವ ಮುಂಚೆ ಬ್ಯಾಂಕಿಗೆ ಹೋಗಲು ಸಾಧ್ಯವಾಯಿತು. ನಾವು ಮೂವರೂ ಹೋದೆವು, ಅಪ್ಪನೂ ಬಂದರು. ಕೈಯಲ್ಲಿ ಆ ಪಟ್ಟಿ, ಬಾಕಿದಾರರ ವಿವರ, ಯಾವ ಕೆಲಸ ನಿಲ್ಲಿಸುತ್ತೇವೆ ಎಂಬ ಒಂದು ಪುಟ. ಕಂತು ತಪ್ಪಿದ ಮೇಲೆ ಹೋದವರಿಗೆ ಸಿಗುವ ಮಾತೇ ಬೇರೆ, ಮುಂಚೆ ಹೋದವರಿಗೆ ಸಿಗುವ ಮಾತೇ ಬೇರೆ. ಸಾಲದ ಅವಧಿ ಹೆಚ್ಚಿಸಿ ತಿಂಗಳ ಕಂತು ಇಳಿಸಿದರು. ಇದರಿಂದ ಒಟ್ಟು ಬಡ್ಡಿ ಹೆಚ್ಚಾಗುತ್ತದೆ, ಅದು ಗೊತ್ತಿದ್ದೇ ಒಪ್ಪಿದೆವು. ನಮಗೆ ಆಗ ಬೇಕಿದ್ದದ್ದು ಉಸಿರಾಡಲು ಸಮಯ. ಅಚ್ಚಿನ ಕಸುಬಿನಲ್ಲಿ ಸಾಲದ ಕಥೆ ಅಚ್ಚಿನಷ್ಟೇ ಹಳೆಯದು. ಯುರೋಪಿನಲ್ಲಿ ಬಿಡಿ ಅಚ್ಚುಮೊಳೆಯ ಮುದ್ರಣ ಆರಂಭಿಸಿದ ಗುಟೆನ್‌ಬರ್ಗ್‌ನ ಮೇಲೆ ಸಾಲ ಕೊಟ್ಟ ಯೋಹಾನ್ ಫುಸ್ಟ್ 1455ರಲ್ಲಿ ದಾವೆ ಹೂಡಿ ಗೆದ್ದ. ಬೈಬಲ್ ಅಚ್ಚಿನ ಕೆಲಸದಿಂದ ಬಂದ ಫಲದಲ್ಲಿ ದೊಡ್ಡ ಪಾಲು ಸಾಲ ಕೊಟ್ಟ ಫುಸ್ಟ್‌ನ ಕೈಸೇರಿತು. ಇದನ್ನು ಅಪ್ಪನಿಗೆ ಹೇಳಿದಾಗ “ಹಾಗಾದರೆ ನಾನೊಬ್ಬನೇ ಅಲ್ಲ” ಎಂದರು. ಅವರ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ಕೊಂಚ ಹಗುರ ಕಂಡಿತು.

ಆದರೆ ಸಮಯ ಸಿಕ್ಕಿದರೆ ಸಾಲದು, ಸೋರುವ ಜಾಗ ಗೊತ್ತಾಗಬೇಕು. ನಾವು ಹೆಚ್ಚು ಬೆವರು ಸುರಿಸಿದ್ದು ಇಲ್ಲೇ, ನನ್ನ ಪ್ರಕಾರ ಪ್ರೆಸ್ಸನ್ನು ಉಳಿಸಿದ್ದೂ ಇದೇ.

ಪ್ರತಿ ಕೆಲಸಕ್ಕೂ ಒಂದು ಜಾಬ್ ಕಾರ್ಡ್ ಮಾಡಿದೆವು. ಕಾಗದ ಎಷ್ಟು, ಪ್ಲೇಟ್ (ಅಚ್ಚಾಗಬೇಕಾದ ಪುಟಗಳ ರೂಪ ಹೊತ್ತ ತಗಡು) ಎಷ್ಟು, ಯಂತ್ರ ಎಷ್ಟು ಗಂಟೆ, ಅದರಲ್ಲಿ ಹೊಂದಿಸುವುದಕ್ಕೆ ಎಷ್ಟು, ಬಣ್ಣ ಬದಲಿಸುವಾಗ ರೋಲರ್ ತೊಳೆಯಲು ಎಷ್ಟು, ಮಡಿಕೆ, ಹೊಲಿಗೆ, ಕಟಿಂಗ್, ಸಾಗಣೆ. ಯಂತ್ರ ನಡೆಸುವವರಿಗೆ ಮೊದಲು ಇದು ತಮ್ಮ ಮೇಲೆ ಇಟ್ಟ ಕಾವಲು ಅನ್ನಿಸಿತ್ತು. ಅಕ್ಕ ಅವರ ಜೊತೆ ನಿಂತು ಮೊದಲ ಕಾರ್ಡುಗಳನ್ನು ತಾನೇ ತುಂಬಿದಳು. ಆಮೇಲೆ ಅವರೇ “ಅಕ್ಕಾ, ಇದಕ್ಕೆ ಹೊಂದಾಣಿಕೆಗೇ ಒಂದು ಗಂಟೆ ಹೋಯ್ತು, ಬರ್ಕೊಳ್ಳಿ” ಎಂದು ಕೂಗಿ ಹೇಳತೊಡಗಿದರು.

ರದ್ದಿಯ ಲೆಕ್ಕ ತಂಗಿಯ ಉಪಾಯ. ಎ ಸರಣಿಯ ಹಾಳೆಗಳಲ್ಲಿ ಎ0 ಅಂದರೆ ಒಂದು ಚದರ ಮೀಟರ್. ಎ4 ಅದರ ಹದಿನಾರನೇ ಒಂದು ಭಾಗ. 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ) ಕಾಗದವಾದರೆ ಒಂದು ಎ4 ಹಾಳೆ 5 ಗ್ರಾಂ, 500 ಹಾಳೆಯ ರೀಮು ಸುಮಾರು ಎರಡೂವರೆ ಕಿಲೊ. ಹಾಗಿದ್ದ ಮೇಲೆ ಹಾಳಾದ ಹಾಳೆಗಳನ್ನು ಎಣಿಸುವುದೇಕೆ, ತೂಗಿದರಾಯಿತು. ಪ್ರತಿ ಕೆಲಸದ ರದ್ದಿಯನ್ನು ಬೇರೆ ಚೀಲಕ್ಕೆ ಹಾಕಿ ತೂಗಿ ಕಾರ್ಡಿನಲ್ಲಿ ಬರೆದೆವು. ಯಾವ ಬಗೆಯ ಕೆಲಸದಲ್ಲಿ ಕಾಗದ ಹೆಚ್ಚು ಹಾಳಾಗುತ್ತದೆ ಎಂಬುದು ಬೇಗನೆ ಗೊತ್ತಾಯಿತು: ಕಡಿಮೆ ಪ್ರತಿಗಳ, ನಾಲ್ಕು ಬಣ್ಣದ ಕೆಲಸಗಳಲ್ಲಿ.

ಅದಕ್ಕೆ ಕಾರಣವಿದೆ. ನಾಲ್ಕು ಬಣ್ಣಕ್ಕೆ ನಾಲ್ಕು ಪ್ಲೇಟ್ ಬೇಕು. ನಾಲ್ಕೂ ಒಂದರ ಮೇಲೊಂದು ಸರಿಯಾಗಿ ಕೂರುವವರೆಗೆ, ನೀರು ಮತ್ತು ಶಾಯಿಯ ಹದ ಬರುವವರೆಗೆ, ಹಾಳೆಗಳು ಹೋಗುತ್ತಲೇ ಇರುತ್ತವೆ. 200 ಪ್ರತಿ ಬೇಕಿರಲಿ, 5000 ಬೇಕಿರಲಿ, ಈ ತಯಾರಿ ಬಹುಪಾಲು ಅಷ್ಟೇ. ತಯಾರಿಯ ಖರ್ಚು 100 ಅಂತಿಟ್ಟುಕೊಳ್ಳಿ, ಆಮೇಲೆ ಹತ್ತು ಪ್ರತಿಗೆ 1. ಆಗ 200 ಪ್ರತಿಯ ಒಟ್ಟು ಖರ್ಚು 120, ಅಂದರೆ ಹತ್ತು ಪ್ರತಿಗೆ 6. 5000 ಪ್ರತಿಗೆ ಒಟ್ಟು 600, ಹತ್ತು ಪ್ರತಿಗೆ 1.2. ಐದು ಪಟ್ಟು ವ್ಯತ್ಯಾಸ! ಅಪ್ಪನ ದರಪಟ್ಟಿಯಲ್ಲಿ ಎರಡಕ್ಕೂ ಬೆಲೆ ಹೆಚ್ಚುಕಡಿಮೆ ಒಂದೇ ಆಗಿತ್ತು, ಏಕೆಂದರೆ ಅವರು ಆ ದರ ಹಾಕಿದ ಕಾಲದಲ್ಲಿ 200 ಪ್ರತಿ ಕೇಳುವವರು ಅಪರೂಪ. ಗಿರಾಕಿಗಳು ಬದಲಾದರು, ದರಪಟ್ಟಿ ಹಾಗೇ ಉಳಿಯಿತು. ನಮ್ಮ ಯಂತ್ರ ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತು ನಷ್ಟದ ಕೆಲಸವನ್ನೇ ಮಾಡುತ್ತಿತ್ತು.

ಇಂಥ ಸಣ್ಣ ಕೆಲಸಗಳಿಗೆ ಡಿಜಿಟಲ್ ಯಂತ್ರವೇ ಸರಿ. ಬೆನ್ನಿ ಲಾಂಡಾ ಎಂಬವರ ಇಂಡಿಗೊ ಎಂಬ ಅಂಥದೊಂದು ಡಿಜಿಟಲ್ ಅಚ್ಚುಯಂತ್ರ ಮಾರುಕಟ್ಟೆಗೆ ಬಂದದ್ದು 1993ರಲ್ಲಿ. ಪ್ಲೇಟ್ ಬೇಡ, ಹತ್ತು ಪ್ರತಿಗೂ ಸಾವಿರಕ್ಕೂ ಒಂದೊಂದರ ಖರ್ಚು ಬಹುಮಟ್ಟಿಗೆ ಒಂದೇ. ನಮ್ಮಲ್ಲಿ ಅಂಥ ಯಂತ್ರ ಇರಲಿಲ್ಲ, ಕೊಳ್ಳುವ ಶಕ್ತಿಯೂ ಇರಲಿಲ್ಲ. ಆದ್ದರಿಂದ ಕೆಲಸವನ್ನು ನಾವೇ ಒಪ್ಪಿಕೊಂಡು, ವಿನ್ಯಾಸ, ಕರಡು ತಿದ್ದುವುದು, ಬೈಂಡಿಂಗ್ ನಮ್ಮಲ್ಲಿಟ್ಟುಕೊಂಡು, ಅಚ್ಚನ್ನು ಮಾತ್ರ ಹೊರಗೆ ಮಾಡಿಸತೊಡಗಿದೆವು. ಅಪ್ಪನಿಗೆ ಇದು ಬಹಳ ಕಷ್ಟವಾಯಿತು. ನಮ್ಮ ಹೆಸರಿನ ಕೆಲಸ ಇನ್ನೊಬ್ಬರ ಯಂತ್ರದಲ್ಲಿ ಎಂಬುದು ಅವರಿಗೆ ಸಹಿಸಲಾಗದ ಮಾತು. ಅಕ್ಕ ಅವರ ಪಕ್ಷ. ನಾನು ಮತ್ತು ತಂಗಿ ಒಂದು ಕಡೆ. ಕೊನೆಗೆ ಒಂದೇ ಕೆಲಸವನ್ನು ಎರಡೂ ರೀತಿಯಲ್ಲಿ ಮಾಡಿಸಿ, ಎರಡೂ ಕಾರ್ಡುಗಳನ್ನು ಅವರ ಮುಂದಿಟ್ಟೆವು. ಅಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. “ಬೈಂಡಿಂಗ್ ಮಾತ್ರ ಹೊರಗೆ ಹೋಗಬಾರದು” ಎಂದರು. ಅದು ಇಂದಿಗೂ ಹೋಗಿಲ್ಲ.

ದರ ಏರಿಸುವುದು ಇನ್ನೂ ದೊಡ್ಡ ಜಗಳ. ಅಕ್ಕನ ಭಯ ನ್ಯಾಯವಾದದ್ದೇ: ಗಿರಾಕಿಗಳು ಹೋಗಿಬಿಟ್ಟರೆ? ನಾನು ಅವಳಿಗೆ ತೋರಿಸಿದ ಲೆಕ್ಕವನ್ನು ಇಲ್ಲಿ ಬರೆಯುತ್ತೇನೆ, ಯಾವ ವ್ಯಾಪಾರಕ್ಕೂ ಹೊಂದುತ್ತದೆ. ಒಂದು ಕೆಲಸಕ್ಕೆ 100 ಬಿಲ್, ನೇರ ಖರ್ಚು 70, ಉಳಿಯುವುದು 30. ಗಿರಾಕಿ ಕೇಳಿದರೆಂದು 10 ಕಡಿಮೆ ಮಾಡಿದರೆ ಉಳಿಯುವುದು 20. ಮೊದಲಿನಷ್ಟೇ ಉಳಿಯಬೇಕಾದರೆ ಕೆಲಸ ಒಂದೂವರೆ ಪಟ್ಟು ಆಗಬೇಕು. ಈಗ ತಿರುಗಿಸಿ ನೋಡಿ. ದರ 5 ಏರಿಸಿದರೆ ಉಳಿಯುವುದು 35. ಆಗ ಏಳು ಕೆಲಸಗಳಲ್ಲಿ ಒಂದು ಕೈತಪ್ಪಿಹೋದರೂ ಕೊನೆಗೆ ಕೈಗೆ ಉಳಿಯುವುದು ಮೊದಲಿನಷ್ಟೇ. ಅಕ್ಕ ತಾನೇ ಕಾಗದ ಎಳೆದುಕೊಂಡು ಮತ್ತೆ ಗುಣಿಸಿ ನೋಡಿದಳು. ಮಾರನೆಯ ದಿನದಿಂದ ಹೊಸ ದರ ಹೇಳಿದವಳು ಅವಳೇ. ಗಿರಾಕಿಗಳಿಗೆ ಅವಳ ಮಾತಿನ ಮೇಲೆ ಇದ್ದ ನಂಬಿಕೆ ನನ್ನ ಅಂಕಿಗಳಿಂದ ಬರುವಂಥದ್ದಲ್ಲ. ಕೆಲವರು ಹೋದರು. ಹೋದವರಲ್ಲಿ ಹೆಚ್ಚಿನವರು ದುಡ್ಡು ಕೊಡಲು ಅತಿ ತಡ ಮಾಡುತ್ತಿದ್ದವರು.

ಬಾಕಿ ವಸೂಲಿ ತಂಗಿಯ ಪಾಲಿಗೆ ಬಂತು. “ನೀನು ಲೆಕ್ಕ ನೋಡ್ತೀಯ ಕಣೆ, ನಾನು ಮುಖ ನೋಡ್ತೀನಿ. ಇಷ್ಟು ವರ್ಷದವರನ್ನ ದುಡ್ಡು ಕೇಳೋದು ಹೇಗೆ?” ಎಂದಿದ್ದಳು ಅಕ್ಕ. ತಂಗಿಗೆ ಆ ಹಳೇ ಪರಿಚಯದ ಭಾರ ಇರಲಿಲ್ಲ. 30 ದಿನದೊಳಗಿನದು, 60, 90, ಅದರಾಚೆಯದು ಎಂದು ಬಾಕಿಯನ್ನು ವಯಸ್ಸಿನ ಪ್ರಕಾರ ಬೇರ್ಪಡಿಸಿ ಒಬ್ಬೊಬ್ಬರಿಗೂ ಫೋನ್ ಮಾಡಿದಳು. ಬಹಳ ಕಡೆ ಗಿರಾಕಿಗೆ ಕೊಡುವ ಮನಸ್ಸಿಲ್ಲ ಎಂಬುದು ಸುಳ್ಳಾಗಿತ್ತು. ಬಿಲ್ ಸರಿಯಾದ ಮೇಜಿಗೆ ತಲುಪಿರಲಿಲ್ಲ, ಆರ್ಡರ್ ಸಂಖ್ಯೆ ನಮೂದಾಗಿರಲಿಲ್ಲ, ಸರಕು ತಲುಪಿದ ರಸೀದಿ ಇರಲಿಲ್ಲ. ಸರಕು ಹೋಗುವ ದಿನವೇ ಬಿಲ್ಲೂ ಹೋಗುವಂತೆ ಮಾಡಿದಳು. ಹೊಸ ಕೆಲಸಕ್ಕೆ ಅರ್ಧ ಮುಂಗಡ, ಕರಡಿಗೆ ಗಿರಾಕಿಯ ಸಹಿ ಬೀಳದೆ ಪ್ಲೇಟ್ ಇಲ್ಲ. ಸಹಿಯ ನಿಯಮದಿಂದ ಮರುಮುದ್ರಣದ ಜಗಳಗಳು ಬಹುತೇಕ ನಿಂತವು.

ಅವಳ ಇನ್ನೊಂದು ಕೊಡುಗೆ ಲೆಕ್ಕಪುಸ್ತಕದಲ್ಲಿ ಕಾಣುವಂಥದ್ದಲ್ಲ. ನಡುವೆ ಪಿನ್ ಹೊಡೆಯುವ ಪುಸ್ತಿಕೆಯ ಪುಟಗಳು ನಾಲ್ಕರ ಗುಣಕವಾಗಿರಬೇಕು. ಗಿರಾಕಿ 18 ಪುಟದ ಸಾಮಗ್ರಿ ತಂದರೆ ಹಿಂದೆ ನಾವು 20 ಪುಟ ಮಾಡಿ ಎರಡನ್ನು ಖಾಲಿ ಬಿಡುತ್ತಿದ್ದೆವು. ಅವಳು ಕೂತು ಅದನ್ನೇ 16 ಪುಟಕ್ಕೆ, ಓದಲು ಇನ್ನೂ ಚೆನ್ನಾಗಿರುವಂತೆ, ಹೊಂದಿಸಿಕೊಡುತ್ತಾಳೆ. ಗಿರಾಕಿಗೂ ಉಳಿತಾಯ, ನಮಗೂ ವಿನ್ಯಾಸದ ಶುಲ್ಕ.

ಮಾರಿಬಿಡೋಣ ಎಂದುಕೊಂಡಿದ್ದ ಹಳೇ ಟ್ರೆಡಲ್ (ಕಾಲಿನಿಂದ ತುಳಿದು ನಡೆಸುವ ಬಗೆಯ ಅಚ್ಚು) ಯಂತ್ರದ ವಿಷಯವನ್ನೂ ಹೇಳಬೇಕು. ಗುಜರಿಯವರು ಬಂದು ನೋಡಿ ಬೆಲೆ ಹೇಳಿ ಹೋಗಿದ್ದರು. ಬಿಲ್ ಪುಸ್ತಕಕ್ಕೆ ಕ್ರಮಸಂಖ್ಯೆ ಹೊಡೆಯಲು, ಹರಿಯುವ ಜಾಗಕ್ಕೆ ರಂಧ್ರಗೆರೆ ಹಾಕಲು, ದಪ್ಪ ರಟ್ಟಿಗೆ ಮಡಿಕೆಯ ಗೆರೆ ಒತ್ತಲು ಆ ಯಂತ್ರ ಈಗಲೂ ಒಳ್ಳೆಯದು ಎಂದು ಅಪ್ಪ ಬಿಡಲಿಲ್ಲ. ಅದಕ್ಕೂ ಕಾರ್ಡ್ ತೆರೆದು ನೋಡಿದರೆ, ಗಂಟೆಯ ಲೆಕ್ಕದಲ್ಲಿ ಪ್ರೆಸ್ಸಿಗೆ ಹೆಚ್ಚು ಉಳಿಸಿಕೊಡುತ್ತಿದ್ದ ಯಂತ್ರಗಳಲ್ಲಿ ಅದೂ ಒಂದು. ಬೇರೆ ಪ್ರೆಸ್ಸುಗಳೂ ಈ ಕೆಲಸವನ್ನು ನಮಗೆ ಕಳಿಸತೊಡಗಿದವು.

ಈಗ ಅಕ್ಕತಂಗಿಯರ ಮಾತು. ನಾವು ಬಹಳ ಹೊಂದಿಕೊಂಡು ಕೆಲಸ ಮಾಡಿದೆವು ಎಂದು ಕೇಳಿದವರು ಅಂದುಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ಮೊದಲ ತಿಂಗಳುಗಳಲ್ಲಿ ಪ್ರೆಸ್ಸಿಗಿಂತ ನಮ್ಮ ಸಂಬಂಧವೇ ಹೆಚ್ಚು ಅಪಾಯದಲ್ಲಿತ್ತು. ಬೈಂಡಿಂಗ್ ವಿಭಾಗದಲ್ಲಿ ಇಬ್ಬರನ್ನು ಕಡಿಮೆ ಮಾಡಬೇಕೆಂದು ತಂಗಿ ಹೇಳಿದ ದಿನ ಅಕ್ಕ ಎದ್ದು ಹೋದಳು. “ನಿನ್ನನ್ನ ಎತ್ತಿ ಆಡಿಸಿದೋರು ಅವರು” ಎಂದಳು. “ಅಕ್ಕಾ, ನಾನು ಏನು ಹೇಳಿದ್ರೂ ನಿನಗೆ ನಾನಿನ್ನೂ ಚಿಕ್ಕವಳೇ” ಎಂದು ತಂಗಿ ಅತ್ತಳು. ಅವರ ಮಾತು ಬೈಂಡಿಂಗ್ ಬಿಟ್ಟು ಎಲ್ಲಿಗೋ ಹೋಗಿತ್ತು.

ಕುಟುಂಬದ ವ್ಯಾಪಾರಗಳ ಬಗ್ಗೆ ಓದುವಾಗ ನನಗೆ ಸಿಕ್ಕಿದ ಒಂದು ಚಿತ್ರ ಆಗ ನೆರವಿಗೆ ಬಂತು. ಹಾರ್ವರ್ಡ್‌ನಲ್ಲಿ ರೆನಾಟೊ ಟಾಗ್ಯೂರಿ ಮತ್ತು ಜಾನ್ ಡೇವಿಸ್ 1978ರಲ್ಲಿ ರೂಪಿಸಿದ ಮೂರು ವೃತ್ತಗಳ ಚಿತ್ರ ಅದು. ಕುಟುಂಬ, ಒಡೆತನ, ವ್ಯಾಪಾರ, ಮೂರೂ ಒಂದರ ಮೇಲೊಂದು ಹಾದ ವೃತ್ತಗಳು. ಒಬ್ಬೊಬ್ಬರೂ ಯಾವ ವೃತ್ತದಲ್ಲಿ ನಿಂತು ಮಾತಾಡುತ್ತಿದ್ದಾರೆ ಎಂದು ಕೇಳಿಕೊಂಡರೆ ಅರ್ಧ ಜಗಳದ ಬುಡ ಕಾಣುತ್ತದೆ. ಅಂದು ತಂಗಿ ವ್ಯಾಪಾರದ ವೃತ್ತದಿಂದ ಮಾತಾಡಿದ್ದಳು, ಅಕ್ಕ ಕುಟುಂಬದ ವೃತ್ತದಿಂದ ಉತ್ತರ ಕೊಟ್ಟಿದ್ದಳು. ಆ ಚಿತ್ರವನ್ನು ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಿದೆ. ಬೈಂಡಿಂಗಿನವರ ಪ್ರಶ್ನೆಗೆ ಸಿಕ್ಕ ಪರಿಹಾರವೂ ಇಬ್ಬರದು: ಯಾರನ್ನೂ ಕಳಿಸಲಿಲ್ಲ, ಹೊರಗಿನ ಪ್ರೆಸ್ಸುಗಳ ಬೈಂಡಿಂಗ್ ಕೆಲಸ ತಂದು ಅವರ ಕೈ ತುಂಬಿಸಿದೆವು. ತರುವ ಹೊಣೆಯನ್ನು ಅಕ್ಕ ಹೊತ್ತಳು, ದರ ಕಟ್ಟುವುದನ್ನು ತಂಗಿ.

ಅಕ್ಕತಂಗಿಯರು ಸೇರಿ ಅಚ್ಚುಕೂಟ ನಡೆಸಿದ್ದು ಹೊಸದಲ್ಲ. ಐರ್ಲೆಂಡ್‌ನಲ್ಲಿ ಎಲಿಜಬೆತ್ ಯೇಟ್ಸ್ ಮತ್ತು ಲಿಲಿ ಯೇಟ್ಸ್ ಎಂಬ ಅಕ್ಕತಂಗಿಯರು 1908ರಲ್ಲಿ ಕ್ವಾಲಾ ಎಂಬ ಕೈಕಸುಬಿನ ಸಂಸ್ಥೆ ಕಟ್ಟಿದರು, ಕ್ವಾಲಾ ಪ್ರೆಸ್ ಅದರ ಅಚ್ಚಿನ ವಿಭಾಗ. ಮುದ್ರಣ ಎಲಿಜಬೆತ್‌ಳದು, ಕಸೂತಿಯ ವಿಭಾಗ ಲಿಲಿಯದು. ಒಬ್ಬೊಬ್ಬರಿಗೆ ಒಂದೊಂದು ಜಾಗ, ಅಲ್ಲಿ ಅವರ ಮಾತು. ನಾವೂ ಹಾಗೇ ಬರೆದುಕೊಂಡೆವು. ಯಂತ್ರ, ಕೆಲಸಗಾರರು, ಗಿರಾಕಿಯ ಸಂಬಂಧ ಅಕ್ಕನದು. ಲೆಕ್ಕ, ಬ್ಯಾಂಕ್, ತೆರಿಗೆ ನನ್ನದು. ವಿನ್ಯಾಸ, ದರ, ವಸೂಲಿ ತಂಗಿಯದು. ಅವರವರ ಜಾಗದಲ್ಲಿ ಕೊನೆಯ ಮಾತು ಅವರದೇ, ಉಳಿದವರು ಸಲಹೆ ಕೊಡಬಹುದು. ಹೊಸ ಸಾಲ, ಯಂತ್ರ, ಕೆಲಸದಿಂದ ಯಾರನ್ನಾದರೂ ತೆಗೆಯುವುದು, ಈ ಮೂರಕ್ಕೆ ಮೂವರ ಒಪ್ಪಿಗೆ. ಕೆಲಸ ಮಾಡಿದ್ದಕ್ಕೆ ಸಂಬಳ, ಒಡೆತನಕ್ಕೆ ಲಾಭದ ಪಾಲು, ಎರಡನ್ನೂ ಬೆರೆಸುವಂತಿಲ್ಲ. ಮನೆಯ ಖರ್ಚಿಗೆ ಪ್ರೆಸ್ಸಿನ ಗಲ್ಲಾಕ್ಕೆ ಕೈ ಹಾಕುವಂತಿಲ್ಲ. ಅಪ್ಪನಿಗೆ ತಿಂಗಳಿಗೆ ನಿಗದಿಯಾದ ಒಂದು ಮೊತ್ತ, ಅವರ ಹೆಸರಿನ ಖಾತೆಗೆ. ಒಬ್ಬಳು ಬಿಟ್ಟುಹೋಗಲು ಬಯಸಿದರೆ ಅವಳ ಪಾಲಿನ ಬೆಲೆ ಹೇಗೆ ಕಟ್ಟಬೇಕು ಎಂಬುದನ್ನೂ ಬರೆದೆವು. ಅದನ್ನು ಬರೆಯುವಾಗ ಅಕ್ಕನಿಗೆ ಬಹಳ ಸಂಕಟವಾಯಿತು. ಆದರೆ ಪ್ರೀತಿ ಇರುವಾಗಲೇ ಇದನ್ನು ಬರೆಯಬೇಕು, ಮನಸ್ಸು ಮುರಿದ ಮೇಲೆ ಯಾರೂ ನ್ಯಾಯವಾಗಿ ಬರೆಯಲಾರರು ಎಂಬ ನನ್ನ ಮಾತಿನಿಂದ ನಾನು ಇಂದಿಗೂ ಹಿಂದೆ ಸರಿಯುವುದಿಲ್ಲ.

ಕಾಗದದ ವ್ಯಾಪಾರಿಯ ಹಳೇ ಬಾಕಿ ತೀರಿದೆ, ಅವರು ಮತ್ತೆ ಸಾಲಕ್ಕೆ ಕಾಗದ ಕೊಡುತ್ತಾರೆ. ಸಂಬಳಕ್ಕೆ ಕೈಸಾಲ ಮಾಡುವುದು ನಿಂತಿದೆ. ಬ್ಯಾಂಕಿನ ಸಾಲ ಇನ್ನೂ ಇದೆ, ಕಂತು ತಪ್ಪಿಲ್ಲ. 13 ವಾರಗಳ ಪಟ್ಟಿಯನ್ನು ಪ್ರತಿ ವಾರ ಒಂದು ವಾರ ಮುಂದಕ್ಕೆ ಎಳೆಯುತ್ತೇವೆ, ಕಷ್ಟ ಕಳೆಯಿತೆಂದು ಬಿಟ್ಟಿಲ್ಲ.

ಈಗಿನ ಚರ್ಚೆ ಡಿಜಿಟಲ್ ಯಂತ್ರದ್ದು. ತಂಗಿಗೆ ಕೊಳ್ಳುವ ಆಸೆ. ಅಕ್ಕನಿಗೆ ಮತ್ತೊಂದು ಸಾಲ ಬೇಡ. ಅಪ್ಪ ಯಂತ್ರ ನೋಡಿಕೊಂಡು ಬಂದಿದ್ದಾರೆ, ಅಭಿಪ್ರಾಯ ಹೇಳಿಲ್ಲ. ಹೊರಗೆ ಮಾಡಿಸುವ ಅಚ್ಚಿನ ಬಿಲ್ಲು ಸತತ ಆರು ತಿಂಗಳು ಆ ಯಂತ್ರದ ಕಂತು, ನಿರ್ವಹಣೆ, ನಡೆಸುವವರ ಸಂಬಳ ಮೂರೂ ಸೇರಿದ ಮೊತ್ತವನ್ನು ದಾಟಿದರೆ ಕೊಳ್ಳೋಣ ಎಂದು ಮೂವರೂ ಸಹಿ ಹಾಕಿದ್ದೇವೆ. ಸದ್ಯಕ್ಕೆ ಆ ಬಿಲ್ಲು ಇನ್ನೂ ಅದರ ಕೆಳಗೇ ಇದೆ, ಆದರೆ ಅಂತರ ಕಡಿಮೆಯಾಗುತ್ತಿದೆ.